ಪಹಣಿಯೊಳಗಿನ ಚುಕ್ಕಿ ನೋಡಿ ಮೋಸ ಹೋಗಬ್ಯಾಡ್ರಿ

ಜಮಖಂಡಿ ಕಡೆ ಕಬ್ಬಿಗೆ ಗೊಬ್ಬರದ ಲೆಕ್ಕ ಹಾಕೋ ಅಣ್ಣಾರ, ಒಂದು ಮಾತ್ರಿ. ಪಹಣಿಯೊಳಗ 2.20 ಅಂತ ಇದ್ರ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಮೊಬೈಲ್ ಕ್ಯಾಲ್ಕುಲೇಟರ್‌ನ್ಯಾಗ ಹಂಗ ಒತ್ತಿದ್ರ ಲೆಕ್ಕ ಕೆಟ್ಟಂಗ. 40 ಗುಂಟೆಗೆ ಒಂದು ಎಕರೆ. 20ನ್ನ 40ರಿಂದ ಭಾಗಿಸಿದ್ರ 0.5, ಅದನ್ನ ಎರಡಕ್ಕ ಕೂಡಿಸಿ 2.5 ಎಕರೆ ಅಂತ ಹಿಡೀರಿ. ಹೋದ ವರ್ಷ ನಾನು ಎಕರೆಗೆ ಎರಡು ಚೀಲದಂಗ ಒತ್ತಿದೆ, 4.4 ಬಂತು, ನಾಕು ಚೀಲ ತಂದೆ. ಬೇಕಾಗಿದ್ದು ಐದು! ಕಡೀ ಸಾಲುಗಳಿಗೆ ಗೊಬ್ಬರ ಇಲ್ಲ. ಮನ್ಯಾಗ ಇನ್ನೂ ನಗ್ತಾರ.

ಕಾಗದದಾಗ ಹೆಕ್ಟೇರ್ ಲೆಕ್ಕ ಇದ್ರ 2.47ರಿಂದ ಗುಣಿಸ್ರಿ, ಒಂದು ಹೆಕ್ಟೇರ್ ಹೆಚ್ಚುಕಮ್ಮಿ 2 ಎಕರೆ 19 ಗುಂಟೆ. ಟೇಪ್ ಹಿಡಿಯೋರಿಗೆ: ಗುಂಟೆ ಅಂದ್ರ 33 ಅಡಿಗೆ 33 ಅಡಿ, 1,089 ಚದರ ಅಡಿ. ಪಹಣಿಯೊಳಗ ಗುಂಟೆ ಆದ ಮ್ಯಾಲಿನ ಅಂಕಿ ಆಣೆ, 16 ಆಣೆಗೆ ಒಂದು ಗುಂಟೆ.