ಕಾಲುಸಂಕ ಬೇಕಾ? ಜುಲೈಯಲ್ಲೇ ಕೆಲಸ ಶುರುಮಾಡಿ

ಬೈಂದೂರು ಕಡೆಯ ಒಂದು ಪಂಚಾಯತ್‌ನಲ್ಲಿ ಬಿಲ್ ಕಲೆಕ್ಟರ್ ಆಗಿದ್ದು ನಿವೃತ್ತನಾದವನು ನಾನು. ಉಡುಪಿ ಜಿಲ್ಲೆಯ ಬಡಗು ತುದಿ, ಘಟ್ಟದ ಬುಡ. ತೆರಿಗೆ ವಸೂಲಿಗೆ ಹೋದಲ್ಲೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ಮಳಿಗಾಲ್ದಗೆ ಹೊಳಿ ದಾಟುಕ್ ಆತಿಲ್ಲೆ ಮಾರಾಯ್ರೆ, ಒಂದ್ ಸಂಕ ಮಾಡ್ಸಿ ಕೊಡಿ." ಸಂಕ, ಕಾಲುಸಂಕ ಅಂದರೆ ಹೊಳೆಯನ್ನೋ ತೋಡನ್ನೋ (ಸಣ್ಣ ಹಳ್ಳ) ನಡೆದು ದಾಟುವ ಕಿರುಸೇತುವೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಬರುತ್ತಿದ್ದ ಮಗು ಕಾಲುಸಂಕದಿಂದ ಜಾರಿ ನೀರುಪಾಲಾದದ್ದು ಇಲ್ಲಿ ಯಾರೂ ಮರೆತಿಲ್ಲ.

ಮೊದಲು ಸಮಯ ನೋಡಿಕೊಳ್ಳಿ. ಏಪ್ರಿಲ್‌ನಿಂದ ಶುರುವಾಗುವ ವರ್ಷದ ಯೋಜನೆಗೆ ಹಿಂದಿನ ಅಕ್ಟೋಬರ್‌ನಿಂದಲೇ ತಯಾರಿ ನಡೆಯುತ್ತದೆ. ಬೇಸಿಗೆಯಲ್ಲಿ ಅರ್ಜಿ ಹಿಡಿದು ಬಂದರೆ ಬಸ್ಸು ಹೋಗಿ ಆಗಿರುತ್ತದೆ. ಅದೂ ಅಲ್ಲದೆ ಒಣಗಿದ ತೋಡಿನ ಫೋಟೋ ನೋಡಿ ಇಂಜಿನಿಯರಿಗೆ ಏನು ಗೊತ್ತಾಗಬೇಕು? ಜುಲೈಯಲ್ಲೇ ಫೋಟೋ ತೆಗೆಯಿರಿ. ಮೊಬೈಲಿಗೆ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕಿಕೊಂಡರೆ ತಾರೀಕು, ಜಾಗ ಎರಡೂ ಚಿತ್ರದ ಮೇಲೇ ಬರುತ್ತದೆ. ನೀರು ಎಲ್ಲಿವರೆಗೆ ಏರಿತು ಅಂತ ದಡದ ಮರಕ್ಕೆ ಪೈಂಟಿನಲ್ಲಿ ಒಂದು ಗೆರೆ ಎಳೆದಿಡಿ. ಸಂಕ ಎಷ್ಟು ಎತ್ತರ ಬೇಕು ಅನ್ನುವುದಕ್ಕೆ ಆ ಗೆರೆಯೇ ಸಾಕ್ಷಿ.

ಆಮೇಲೆ ವಾರ್ಡ್ ಸಭೆ, ಅಂದರೆ ನಿಮ್ಮ ವಾರ್ಡಿನ ಮತದಾರರಷ್ಟೇ ಸೇರುವ ಸಭೆ. ಗ್ರಾಮಸಭೆಯಲ್ಲಿ ಮೈಕ್ ಹಿಡಿದು ಬೊಬ್ಬೆ ಹೊಡೆಯುವವರು ಜಾಸ್ತಿ, ವಾರ್ಡ್ ಸಭೆಗೆ ಬರುವವರು ಬೆರಳೆಣಿಕೆ. ಬೇಡಿಕೆ ಪಟ್ಟಿ ತಯಾರಾಗುವುದೇ ಅಲ್ಲಿ, ಅಲ್ವಾ? ಆಚೆದಡದ ಹೆಂಗಸರನ್ನು ಕರೆತನ್ನಿ. ಬೆಳಗಾದರೆ ಹಾಲಿನ ಡೈರಿಗೆ ದಾಟುವವರು ಅವರೇ.

"ನಮ್ಮೂರಿಗೆ ಸಂಕ ಬೇಕು" ಅಂತ ಸುಮ್ನೆ ಬರೆಯಬೇಡಿ. ಹೀಗೆ ಬರೆಯಿರಿ: "ಸರ್ವೆ ನಂಬರ್ ಇಂಥದ್ದರ ಬಳಿ ತೋಡಿನ ಅಗಲ 9 ಮೀಟರ್. ಆಚೆ 14 ಮನೆ, ಶಾಲೆಗೆ ಹೋಗುವ ಮಕ್ಕಳು 6. ಈಗ ಇರುವುದು ಅಡಿಕೆ ಮರದ ಸಂಕ. ಸುತ್ತಿ ಬಂದರೆ 7 ಕಿಲೋಮೀಟರ್." ಈ ಅಂಕಿಗಳು ಮಾದರಿಗೆ, ನಿಮ್ಮದನ್ನು ಟೇಪ್ ಹಿಡಿದು ಅಳೆದೇ ಹಾಕಿ. ನಡಾವಳಿ ಪುಸ್ತಕಕ್ಕೆ ಸಹಿ ಹಾಕುವ ಮೊದಲು ನಿಮ್ಮ ಬೇಡಿಕೆ ಅದರಲ್ಲಿ ಏರಿದೆಯಾ ಅಂತ ಓದಿಸಿ ಕೇಳಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ನಮ್ಮ ಕಡೆ ಕೆಲಸ ನಿಲ್ಲುವುದು ದುಡ್ಡಿಗಿಂತ ಜಾಸ್ತಿ ಜಾಗದ ತಕರಾರಿಗೆ. ಸಂಕದ ಎರಡೂ ತುದಿ ಯಾರ ಜಾಗದಲ್ಲಿ ಕೂರುತ್ತದೆ ಅಂತ ಮೊದಲೇ ಪಹಣಿ ತೆಗೆದು ನೋಡಿ. ಪಟ್ಟಾ ಜಾಗವಾದರೆ (ಖಾಸಗಿಯವರದ್ದಾದರೆ) ಒಪ್ಪಿಗೆಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಬಾಯಿಮಾತು ಎಂಜಿನಿಯರ್ ಬರುವ ದಿನಕ್ಕೆ ಬದಲಾಗುತ್ತದೆ. ಅಡಿಕೆ ತೋಟದ ಅಂಚಾದರಂತೂ ಕೇಳುವುದೇ ಬೇಡ. ಕಾಡಿನ ಜಾಗವಾದರೂ ಕೈಚೆಲ್ಲಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪೈಪು, ಕರೆಂಟು ಲೈನು ಸೇರಿ 13 ಬಗೆಯ ಕೆಲಸಗಳಿಗೆ ಕಾಡಿನ ಜಾಗ ಕೊಡಲು ಅವಕಾಶ ಮಾಡಿದೆ. ಷರತ್ತು ಇಷ್ಟು: ಒಂದೊಂದು ಕೆಲಸಕ್ಕೂ ಜಾಗ 1 ಹೆಕ್ಟೇರ್‌ಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಆ ಶಿಫಾರಸಿನ ನಿರ್ಣಯವನ್ನು ನಿಮ್ಮ ಸಂಕದ ಬೇಡಿಕೆ ಬರುವ ಗ್ರಾಮಸಭೆಯಲ್ಲೇ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಇನ್ನೊಂದು ಗ್ರಾಮಸಭೆಗೆ ಕಾಯಬೇಕು.

ದುಡ್ಡಿನ ಮಾತು ಚುಟುಕಾಗಿ. ಕೇಂದ್ರದ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಪಂಚಾಯತ್‌ಗೆ ಬರುತ್ತಿದ್ದ ಹಣದಲ್ಲಿ ನೂರಕ್ಕೆ 60 ಪಾಲು ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ 40ರಲ್ಲಿ ಇಡೀ ಊರಿನ ಬೇಡಿಕೆ ತೀರಬೇಕಿತ್ತು. ದೊಡ್ಡ ಸಂಕಕ್ಕೆ ಅದು ಎಲ್ಲಿ ಸಾಲುತ್ತದೆ? ಹಾಗಾಗಿ ನಿರ್ಣಯದ ಪ್ರತಿ ಹಿಡಿದು ಶಾಸಕರ ನಿಧಿಗೂ ಜಿಲ್ಲಾ ಪಂಚಾಯತ್‌ಗೂ ಅರ್ಜಿ ಕೊಡಿ. ಯೋಜನೆಯಲ್ಲಿ ನಿಮ್ಮ ಕೆಲಸ ಸೇರಿತಾ ಅಂತ ಇ-ಗ್ರಾಮ ಸ್ವರಾಜ್ ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು.

ನನ್ನನ್ನು ಕೇಳಿದರೆ, ತೋಟ ಇರುವ ಕಡೆ ಬರೀ ಸಂಕ ಕೇಳುವ ಬದಲು ಸೇತುವೆ ಇರುವ ಕಿಂಡಿ ಅಣೆಕಟ್ಟು ಕೇಳಿ. ಅಂದರೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ, ಹಲಗೆ ತೆಗೆದು ನೀರು ಬಿಡುವ ಸಣ್ಣ ಅಣೆಕಟ್ಟು. ಮಳೆಗಾಲದಲ್ಲಿ ದಾಟಲು ದಾರಿ, ಬೇಸಿಗೆಯಲ್ಲಿ ತೋಟಕ್ಕೂ ಬಾವಿಗೂ ನೀರು. ಆದರೆ ಮಳೆ ಮುಗಿದ ಮೇಲೆ ಹಲಗೆ ಹಾಕಬೇಕು, ಮುಂದಿನ ಮಳೆ ಹಿಡಿಯುವ ಮೊದಲು ತೆಗೆಯಬೇಕು. ತೆಗೆಯದೆ ಬಿಟ್ಟರೆ ಕಸ ಸಿಕ್ಕಿ ನೀರು ಗದ್ದೆಗೆ ನುಗ್ಗುತ್ತದೆ. ಹಲಗೆ ಹಾಕುವವರು ಯಾರು, ತೆಗೆದ ಮೇಲೆ ಯಾರ ಕೊಟ್ಟಿಗೆಯಲ್ಲಿ ಇಡುವುದು, ಗೆದ್ದಲು ಹಿಡಿದರೆ ಹೊಸದಕ್ಕೆ ದುಡ್ಡು ಎಲ್ಲಿಂದ ಅಂತ ಅರ್ಜಿಯಲ್ಲೇ ಬರೆದು, ಒಪ್ಪಿದ ಮನೆಯವರ ಸಹಿ ಹಾಕಿಸಿ ಕೊಡಿ.