ವಿಶ್ವವಿದ್ಯಾಲಯಕ್ಕೊಂದು ಹೊಸ ಪತ್ರಿಕೆ: ಪುಟ ಯೋಜನೆಯಿಂದ ಹಂಚಿಕೆಯವರೆಗೆ

ನಾನು ಕೆಲಸ ಮಾಡುವ ವಿಶ್ವವಿದ್ಯಾಲಯ ಕಲ್ಯಾಣ ಕರ್ನಾಟಕದಲ್ಲಿದೆ. ವರ್ಷಕ್ಕೆರಡು ಸಂಚಿಕೆಗಳ ಹೊಸ ಕನ್ನಡ ಪತ್ರಿಕೆಯೊಂದನ್ನು ರೂಪಿಸಿ, ಅಚ್ಚು ಹಾಕಿಸಿ, ಹಂಚುವ ಹೊಣೆಯನ್ನು ಪತ್ರಿಕೋದ್ಯಮ ವಿಭಾಗದ ಅಧ್ಯಾಪಕನಾದ ನನಗೆ ವಹಿಸಿದಾಗ, ಕಡತದೊಳಗೆ ಎರಡು ಅಪೇಕ್ಷೆಗಳು ಆಗಲೇ ಕುಳಿತಿದ್ದವು. ವರ್ಷದ ಸಮಾರಂಭಗಳೆಲ್ಲ ಚಿತ್ರಸಮೇತ ದಾಖಲಾಗಬೇಕೆಂಬುದು ಒಂದು. ಅಧ್ಯಾಪಕರ ಸಂಶೋಧನ ಲೇಖನಗಳಿಗೆ ವೇದಿಕೆಯಾಗಬೇಕೆಂಬುದು ಇನ್ನೊಂದು. ಎರಡನೆಯದಕ್ಕೆ ಕನ್ನಡದಲ್ಲಿ ದೊಡ್ಡ ಪರಂಪರೆಯೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ ಮುಂದೆ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಗಿ ಬೆಳೆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ನಮ್ಮ ಸಂಯೋಜಿತ ಕಾಲೇಜುಗಳಲ್ಲಿ ಓದುವ ಬಿ.ಎ., ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಆವರಣಕ್ಕೆ ಕಾಲಿಡುವುದು ಅಂಕಪಟ್ಟಿಯ ತಿದ್ದುಪಡಿಗಾಗಿ ಮಾತ್ರ. ಇಲ್ಲಿನ ಪ್ರಯೋಗಾಲಯಗಳಲ್ಲಿ ಏನು ನಡೆಯುತ್ತದೆ ಎಂಬುದು ಅವರಿಗೆ ತಲುಪುವ ದಾರಿಯೇ ಇರಲಿಲ್ಲ. ಆದ್ದರಿಂದ ಸಂಪಾದಕ ಮಂಡಳಿಯ ಮೊದಲ ಸಭೆಯ ನಡವಳಿಯಲ್ಲಿ ‘ಈ ಪತ್ರಿಕೆಯ ಓದುಗ ಸಂಯೋಜಿತ ಕಾಲೇಜಿನ ಪದವಿ ವಿದ್ಯಾರ್ಥಿ’ ಎಂಬ ಒಂದು ವಾಕ್ಯವನ್ನು ಬರೆಸಿ, ಅದಕ್ಕೆ ಕುಲಸಚಿವರ ಸಹಿ ಪಡೆದೆ. ಮುಂದೆ ಬಂದ ತಕರಾರುಗಳಲ್ಲಿ ಬಹುಪಾಲನ್ನು ಬಗೆಹರಿಸಿದ್ದು ಈ ಸಹಿಯೇ.

ಲೇಖನಗಳನ್ನು ಆಹ್ವಾನಿಸುವ ಮೊದಲು ನಾವು ಪುಟಗಳನ್ನು ನಿಗದಿಪಡಿಸಿಕೊಂಡೆವು. ಎ4 ಅಳತೆಯ ಪತ್ರಿಕೆ ವಿದ್ಯಾರ್ಥಿಯ ಬ್ಯಾಗಿನಲ್ಲಿ ಮುದುಡುತ್ತದೆ. ಅಷ್ಟು ಅಗಲದ ಪುಟವನ್ನು ಮೂರು ಅಂಕಣಗಳಾಗಿ ಒಡೆಯಬೇಕಾಗುತ್ತದೆ. ಪ್ರತ್ಯಯಗಳೆಲ್ಲ ಕೂಡಿಕೊಂಡು ಉದ್ದವಾಗುವ ಕನ್ನಡ ಪದಗಳನ್ನು ಕಿರಿದಾದ ಅಂಕಣದಲ್ಲಿ ಎರಡೂ ಅಂಚಿಗೆ ಸಮವಾಗಿ ಜೋಡಿಸಿದರೆ ಸಾಲಿನ ನಡುವೆ ದೊಡ್ಡ ದೊಡ್ಡ ಬಿಳಿಯ ಕಂಡಿಗಳು ಬೀಳುತ್ತವೆ. ಹೀಗಾಗಿ ಕ್ರೌನ್ 1/4 ಅಳತೆಯನ್ನು ಆರಿಸಿ, ಪುಟಕ್ಕೆ ಎರಡೇ ಅಂಕಣಗಳನ್ನಿಟ್ಟು, ಬಲ ಅಂಚನ್ನು ಸಮಗೊಳಿಸದೆ ಬಿಟ್ಟೆವು. 20×30 ಇಂಚಿನ ಒಂದು ಹಾಳೆಯಲ್ಲಿ ಈ ಅಳತೆಯ 16 ಪುಟಗಳು, ಅಂದರೆ ಒಂದು ಫಾರಂ ದೊರೆಯುತ್ತದೆ. ನಮ್ಮ 64 ಪುಟಗಳಿಗೆ ನಾಲ್ಕು ಫಾರಂ. ಇಷ್ಟು ತೆಳ್ಳಗಿನ ಪತ್ರಿಕೆಗೆ ಪರ್ಫೆಕ್ಟ್ ಬೈಂಡಿಂಗ್, ಅಂದರೆ ಬೆನ್ನಿಗೆ ಅಂಟು ಹಾಕಿ ರಕ್ಷಾಪುಟ ಕೂರಿಸುವ ಕಟ್ಟು ಮಾಡಿಸಿದರೆ ಬೆನ್ನಿನಲ್ಲಿ ಅಂಟು ಹಿಡಿಯುವಷ್ಟು ದಪ್ಪವಿರುವುದಿಲ್ಲ, ಪುಟವೂ ಪೂರ್ತಿ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ನಡುಮಡಿಕೆಯಲ್ಲಿ ಪಿನ್ ಹೊಡೆಯುವ ಸೆಂಟರ್ ಪಿನ್ನಿಂಗ್ ಆಯ್ದುಕೊಂಡೆವು.

ಪಿನ್ ಹೊಡೆಯುವ ಪತ್ರಿಕೆಯಲ್ಲಿ ಫಾರಂಗಳು ಒಂದರ ಪಕ್ಕ ಒಂದು ನಿಲ್ಲದೆ ಒಂದರೊಳಗೊಂದು ಕೂರುತ್ತವೆ ಎಂಬುದು ಸಂಪಾದಕರಿಗೆ ಬಹಳ ಉಪಯೋಗಕ್ಕೆ ಬರುವ ಸಂಗತಿ. ಹೊರಗಿನ ಫಾರಂನಲ್ಲಿ 1ರಿಂದ 8 ಮತ್ತು 57ರಿಂದ 64ನೆಯ ಪುಟಗಳಿರುತ್ತವೆ. ಅದರೊಳಗಿನದರಲ್ಲಿ 9ರಿಂದ 16 ಮತ್ತು 49ರಿಂದ 56. ಮೂರನೆಯದರಲ್ಲಿ 17ರಿಂದ 24 ಮತ್ತು 41ರಿಂದ 48. ಒಳಗಿನ ಗರ್ಭದಲ್ಲಿ 25ರಿಂದ 40. ಈ ಲೆಕ್ಕವನ್ನು ಹಿಡಿದು, ಕೊನೆಯ ಗಳಿಗೆಯವರೆಗೆ ಬದಲಾಗುವುದನ್ನೆಲ್ಲ, ಅಂದರೆ ಪರಿವಿಡಿ, ಸಂಪಾದಕೀಯ, ಕುಲಪತಿಗಳ ಸಂದೇಶ, ಪರೀಕ್ಷೆ ಮತ್ತು ಪ್ರವೇಶದ ಪ್ರಕಟಣೆಗಳನ್ನು ಹೊರ ಫಾರಂನಲ್ಲಿಟ್ಟು, ಅದನ್ನು ಕಡೆಯಲ್ಲಿ ಮುದ್ರಣಕ್ಕೆ ಕೊಡುವುದೆಂದು ಗೊತ್ತುಮಾಡಿದೆವು. ಸಂದೇಶ ತಡವಾಗಿ ಬಂದರೂ ಉಳಿದ ಮೂರು ಫಾರಂಗಳು ಅಷ್ಟರಲ್ಲಿ ಅಚ್ಚಾಗಿ ಮಡಿಕೆಗೆ ಹೋಗಿರುತ್ತವೆ. ಬಿಳಿ ಹಾಳೆಗಳನ್ನು ಮಡಚಿ, ಪುಟಸಂಖ್ಯೆ ಬರೆದು, ವಿಭಾಗದ ಮೇಜಿನ ಮೇಲೆ ಒಂದು ಡಮ್ಮಿಯನ್ನು ಇಟ್ಟಿದ್ದೆವು; ಯಾರಾದರೂ ಹೊಸ ಲೇಖನದ ಪ್ರಸ್ತಾಪ ತಂದರೆ ಅದು ಯಾವ ಪುಟಕ್ಕೆ ಎಂದು ಡಮ್ಮಿಯಲ್ಲಿ ತೋರಿಸಲು ಕೇಳುತ್ತಿದ್ದೆ. ಜಾಗವಿಲ್ಲ ಎಂದು ಬಾಯಲ್ಲಿ ಹೇಳುವುದಕ್ಕಿಂತ ಇದು ಸೌಜನ್ಯದ ಕ್ರಮ, ಪರಿಣಾಮಕಾರಿಯೂ ಹೌದು.

ಒಳಗಿನ 16 ಪುಟಗಳನ್ನು ಮಾತ್ರ 130 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ಲೆಕ್ಕದ ಕಾಗದದ ತೂಕ), ನುಣುಪು ಲೇಪನದ ಆರ್ಟ್ ಪೇಪರಿನಲ್ಲಿ ಬಹುವರ್ಣದಲ್ಲಿಯೂ, ಉಳಿದವನ್ನು 80 ಜಿಎಸ್‌ಎಂ ತೂಕದ, ಲೇಪನವಿಲ್ಲದ ಮ್ಯಾಪ್ಲಿಥೊ ಕಾಗದದಲ್ಲಿ ಕಪ್ಪು ಒಂದೇ ಬಣ್ಣದಲ್ಲಿಯೂ ಮುದ್ರಿಸಿದರೆ ಆಯವ್ಯಯದ ಮಿತಿಯಲ್ಲಿ ನಿಲ್ಲುವುದು ಸಾಧ್ಯವಿತ್ತು. ಮೊದಲ ಸಂಚಿಕೆಯ ವರ್ಣಪುಟಗಳಿಗೆ ನಾವು ಆರಿಸಿದ್ದು ರಸಾಯನಶಾಸ್ತ್ರ ವಿಭಾಗದ ಸಂಶೋಧಕರು ಬರೆದ ಬಿದರಿ ಕಲೆಯ ಲೇಖನ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲ್ಮೈಯನ್ನು ಕೆತ್ತಿ, ಬೆಳ್ಳಿಯ ತಂತಿ ಮತ್ತು ತಗಡುಗಳನ್ನು ಕೂರಿಸಿದ ಮೇಲೆ, ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಮಿಶ್ರಣವನ್ನು ಹಚ್ಚಿದಾಗ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಅದು ಯಾಕೆ ಎಂಬುದನ್ನು ಪದವಿ ವಿದ್ಯಾರ್ಥಿಗೆ ತಿಳಿಯುವಂತೆ ಬರೆಯಬೇಕೆಂದು ಕೇಳಿಕೊಂಡಿದ್ದೆವು.

ಬಿದರಿಯ ಹೂಜಿಯೊಂದನ್ನು ಕಾಗದದ ಮೇಲೆ ತರುವುದು ಮುದ್ರಣದ ದೃಷ್ಟಿಯಿಂದ ಕಷ್ಟದ ಕೆಲಸ, ಏಕೆಂದರೆ ಅದರ ಕಪ್ಪು ಮಂಕಾದದ್ದು, ಬೆಳ್ಳಿ ಕಣ್ಣು ಕುಕ್ಕುವಂಥದ್ದು. ಫ್ಲ್ಯಾಷ್ ಬಳಸಿ ತೆಗೆದ ಚಿತ್ರಗಳಲ್ಲಿ ಬೆಳ್ಳಿಯ ಬಳ್ಳಿಗಳೆಲ್ಲ ಬಿಳಿಯ ಮಚ್ಚೆಗಳಾಗಿದ್ದವು. ವಿದ್ಯಾರ್ಥಿಗಳು ಹೂಜಿಯನ್ನು ಉತ್ತರದ ಕಿಟಕಿಯ ಪಕ್ಕದಲ್ಲಿಟ್ಟು, ಎದುರು ಬದಿಗೆ ಥರ್ಮಾಕೋಲ್ ಹಾಳೆಯೊಂದನ್ನು ನಿಲ್ಲಿಸಿ, ಟ್ರೈಪಾಡಿನ ಮೇಲೆ ಕ್ಯಾಮೆರಾ ಇರಿಸಿ ನಿಧಾನವಾದ ಶಟರಿನಲ್ಲಿ ತೆಗೆದಾಗ ಕೆತ್ತನೆಯ ಗೆರೆಗಳು ಎದ್ದು ಬಂದವು. ಮ್ಯಾಪ್ಲಿಥೊ ಕಾಗದವು ಶಾಯಿಯನ್ನು ಹೀರಿಕೊಂಡು, ಅಚ್ಚಿನಲ್ಲಿ ಚಿತ್ರವನ್ನು ರೂಪಿಸುವ ಸಣ್ಣ ಚುಕ್ಕೆಗಳನ್ನು ಹಿಗ್ಗಿಸುವುದರಿಂದ ಇಂಥ ಗಾಢ ಚಿತ್ರ ಅದರಲ್ಲಿ ಮಸಿಯ ಮುದ್ದೆಯಾಗುತ್ತದೆ. ಆರ್ಟ್ ಪೇಪರಿನಲ್ಲಿಯೂ ಕಪ್ಪು ಶಾಯಿ ಒಂದೇ ಇದ್ದರೆ ಹಿನ್ನೆಲೆ ಬೂದುಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಚಿತ್ರದ ಹಿನ್ನೆಲೆಗೆ ಕಪ್ಪಿನೊಂದಿಗೆ ಸಯಾನ್ (ತಿಳಿನೀಲಿ) 60, ಮೆಜೆಂಟಾ (ಕಡುಗುಲಾಬಿ) 40, ಹಳದಿ 40 ಶೇಕಡಾ ಸೇರಿಸಿದೆವು. ಅದೇ ಪುಟದ ಅಕ್ಷರಗಳನ್ನು ಮಾತ್ರ ಶುದ್ಧ ಕಪ್ಪಿನಲ್ಲಿಯೇ ಉಳಿಸಿಕೊಂಡೆವು; ನಾಲ್ಕು ಶಾಯಿಗಳು ಕೂದಲೆಳೆಯಷ್ಟು ಅತ್ತಿತ್ತಾದರೂ ಸಣ್ಣ ಒತ್ತಕ್ಷರಗಳ ಅಂಚು ಕಲಸಿಹೋಗುತ್ತದೆ. ಹೂಜಿಯ ದೊಡ್ಡ ಚಿತ್ರವನ್ನು 32 ಮತ್ತು 33ನೆಯ ಪುಟಗಳ ಉದ್ದಕ್ಕೂ ಹಾಸಿದೆವು, ಏಕೆಂದರೆ ಎದುರುಬದುರಾದ ಎರಡು ಪುಟಗಳು ಮುದ್ರಣದ ಹಾಳೆಯ ಮೇಲೂ ಅಕ್ಕಪಕ್ಕದಲ್ಲೇ ಬರುವುದು ಅಲ್ಲಿ ಮಾತ್ರ. ಬೇರೆಡೆ ಹಾಸಿದರೆ ಎರಡು ಅರ್ಧಗಳು ಸರಿಯಾಗಿ ಕೂಡುವ ಭರವಸೆಯಿಲ್ಲ.

ಚಿತ್ರಗಳ ವಿಷಯದಲ್ಲಿ ನಾನು ಪಟ್ಟು ಹಿಡಿದು ಉಳಿಸಿಕೊಂಡ ನಿಯಮ ಒಂದಿದೆ: ದೀಪ ಬೆಳಗಿಸುವ, ಶಾಲು ಹೊದಿಸುವ, ಸಸಿಗೆ ನೀರೆರೆಯುವ ಚಿತ್ರಗಳು ಈ ಪತ್ರಿಕೆಯಲ್ಲಿ ಬರುವುದಿಲ್ಲ. ಸಮಾರಂಭಗಳ ಸುದ್ದಿಗೆ ಕಡೆಯ ಪುಟಗಳಲ್ಲಿ ಸಾಲುಗಳ ಅವಕಾಶವಿದೆ, ಚಿತ್ರದ ಅವಕಾಶವಿಲ್ಲ. ಇದಕ್ಕೆ ಅಸಮಾಧಾನ ವ್ಯಕ್ತಪಡಿಸಿದ ಹಿರಿಯರೂ ಇದ್ದರು. ಅವರಿಗೆ ನಡವಳಿಯ ಆ ವಾಕ್ಯವನ್ನು ತೋರಿಸಿದೆ.

ಅಕ್ಷರಗಳ ಮಾತಿಗೆ ಬರುವುದಾದರೆ, ಮೈಬರಹಕ್ಕೆ ‘ನೋಟೋ ಸೆರಿಫ್ ಕನ್ನಡ’, ಶೀರ್ಷಿಕೆಗಳಿಗೆ ‘ಬಾಲೂ ತಮ್ಮ’ ಎಂಬ ಫಾಂಟುಗಳನ್ನು ಬಳಸಿದೆವು. ಎರಡೂ ಮುಕ್ತ ಪರವಾನಗಿಯವಾದ್ದರಿಂದ ವಿದ್ಯಾರ್ಥಿಗಳ ಎಲ್ಲ ಕಂಪ್ಯೂಟರುಗಳಲ್ಲಿ ಹಾಕಿಕೊಳ್ಳಲು ತೊಡಕಿರಲಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಚಿಹ್ನೆಗಳಿಗೆ ತಾಗದಿರಬೇಕಾದರೆ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬೇಕು, 10.5 ಪಾಯಿಂಟಿನ ಅಕ್ಷರಕ್ಕೆ 16 ಪಾಯಿಂಟಿನ ಸಾಲು ನಮಗೆ ಹೊಂದಿತು. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವವರು ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಮೊದಲೇ ಆರಿಸಿಕೊಳ್ಳಬೇಕು, ಇಲ್ಲವಾದರೆ ಯೂನಿಕೋಡ್ ಕನ್ನಡದ ಒತ್ತುಗಳು ಬಿಡಿಬಿಡಿಯಾಗುತ್ತವೆ.

ಹಿರಿಯ ಅಧ್ಯಾಪಕರ ಲೇಖನಗಳು ಯೂನಿಕೋಡ್‌ಪೂರ್ವದ ಹಳೆಯ ಎನ್‌ಕೋಡಿಂಗಿನಲ್ಲಿ ಬಂದವು. ಅವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದಾಗ ತಪ್ಪುಗಳು ಎಲ್ಲೆಂದರಲ್ಲಿ ಬೀಳದೆ ಕೆಲವು ನಿರ್ದಿಷ್ಟ ಜಾಗಗಳಲ್ಲಿಯೇ ಬೀಳುತ್ತವೆ. ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಹೆಜ್ಜೆಹೆಜ್ಜೆಗೂ ಬರುವ ‘ರ‍್ಯಾಂಕ್’ ಅರ್ಕಾವೊತ್ತಿನ ‘ರ್ಯಾಂಕ್’ ಆಗಿರುತ್ತಿತ್ತು. ‘ಸಾಫ್ಟ್‌ವೇರ್’ ಒತ್ತು ಹತ್ತಿ ‘ಸಾಫ್ಟ್ವೇರ್’ ಆಗಿರುತ್ತಿತ್ತು. ಇಂಥವುಗಳ ಪಟ್ಟಿ ಮಾಡಿ, ಪುಟಕ್ಕೆ ಸುರಿಯುವ ಮೊದಲೇ ಹುಡುಕಿ ಬದಲಿಸುವ ಕೆಲಸವನ್ನು ಇಬ್ಬರು ವಿದ್ಯಾರ್ಥಿನಿಯರಿಗೆ ಒಪ್ಪಿಸಿದೆ. ಕರಡನ್ನು ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಮೂಲಪ್ರತಿ ನೋಡುತ್ತ ಗುರುತು ಹಾಕುವುದು ಎಂಬ ಹಳೆಯ ಕ್ರಮವನ್ನೇ ಅನುಸರಿಸಿದೆವು. ಪರದೆಯ ಮೇಲೆ ತಪ್ಪಿಸಿಕೊಂಡದ್ದು ಕಿವಿಗೆ ಸಿಕ್ಕಿಬೀಳುತ್ತದೆ.

ಕಾನೂನಿನ ಕೆಲಸವನ್ನು ಕಡೆಗಣಿಸುವಂತಿಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆಯ ಜಾಗಕ್ಕೆ ಬಂದಿರುವ 2023ರ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದ್ದು, ಶೀರ್ಷಿಕೆ ಮತ್ತು ನೋಂದಣಿಯ ಅರ್ಜಿಗಳು ಈಗ ಪ್ರೆಸ್ ಸೇವಾ ಪೋರ್ಟಲ್ ಮೂಲಕವೇ ಹೋಗುತ್ತವೆ. ವೈಜ್ಞಾನಿಕ ಮತ್ತು ವಿದ್ವತ್ ನಿಯತಕಾಲಿಕೆಗಳನ್ನು ಈ ಕಾಯ್ದೆ ಹೊರಗಿಟ್ಟಿದೆ. ನಮ್ಮದರಲ್ಲಿ ಸುದ್ದಿಯೂ ಅಭಿಪ್ರಾಯವೂ ಇರುವುದರಿಂದ ನೋಂದಣಿಗೆ ಹೋಗುವುದೇ ಸರಿ ಎಂದು ತೀರ್ಮಾನಿಸಿದೆವು. ಐಎಸ್‌ಎಸ್‌ಎನ್ (ನಿಯತಕಾಲಿಕೆಗಳ ಅಂತರರಾಷ್ಟ್ರೀಯ ಗುರುತುಸಂಖ್ಯೆ) ಬೇಕೆಂಬ ಒತ್ತಾಯ ಅಧ್ಯಾಪಕರಿಂದ ಬಹಳವಾಗಿತ್ತು. ಆ ಎಂಟು ಅಂಕಿಗಳು ಪತ್ರಿಕೆಯನ್ನು ಗುರುತಿಸುತ್ತವೆಯೇ ಹೊರತು ಅದರ ಗುಣಮಟ್ಟಕ್ಕೆ ಪ್ರಮಾಣಪತ್ರವಲ್ಲ, ಶೀರ್ಷಿಕೆಯ ಮೇಲೆ ಹಕ್ಕನ್ನೂ ಕೊಡುವುದಿಲ್ಲ. ಬಡ್ತಿಯ ಅಂಕಗಳಿಗಾಗಿ ಬರೆಯುವವರ ಸಾಲು ಇಲ್ಲಿ ಬೆಳೆಯುವುದು ನನಗೆ ಬೇಕಿರಲಿಲ್ಲವಾದ್ದರಿಂದ ಅದಕ್ಕೆ ಅರ್ಜಿ ಹಾಕುವುದನ್ನು ಮುಂದಕ್ಕೆ ಹಾಕಿದ್ದೇವೆ.

ಅಚ್ಚಾಗಿ ಬಂದ ಕಟ್ಟುಗಳನ್ನು ಅಂಚೆಗೆ ಹಾಕಲಿಲ್ಲ. ಪ್ರತಿ ಸಂಯೋಜಿತ ಕಾಲೇಜಿನಿಂದಲೂ ಸಿಬ್ಬಂದಿಯೊಬ್ಬರು ಸೆಮಿಸ್ಟರ್ ಪರೀಕ್ಷೆಯ ಸಾಮಗ್ರಿಗಾಗಿ ಪರೀಕ್ಷಾಂಗ ವಿಭಾಗಕ್ಕೆ ಬಂದೇ ಬರುತ್ತಾರೆ. ಆ ಕೌಂಟರಿನ ಪಕ್ಕದಲ್ಲೊಂದು ಮೇಜು ಹಾಕಿಸಿ, ಕಾಲೇಜಿನ ಹೆಸರು ಅಂಟಿಸಿದ ಕಟ್ಟನ್ನು ಅವರ ಕೈಗೇ ಕೊಟ್ಟು ವಹಿಯಲ್ಲಿ ಸಹಿ ಪಡೆದೆವು. ಕಟ್ಟಿನ ಮೇಲೆ ‘ಗ್ರಂಥಾಲಯಕ್ಕೆ ಒಂದು ಪ್ರತಿ, ಉಳಿದವು ತರಗತಿಗಳಿಗೆ’ ಎಂದು ಮುದ್ರಿಸಿದ ಚೀಟಿಯಿತ್ತು. ಹಾಗೆ ಬರೆಯದಿದ್ದರೆ ಎಲ್ಲ ಪ್ರತಿಗಳೂ ಪ್ರಾಂಶುಪಾಲರ ಕೊಠಡಿಯ ಕಪಾಟು ಸೇರುತ್ತವೆ. ಎರಡನೆಯ ಸಂಚಿಕೆಯ ದಿನಾಂಕಗಳನ್ನು ಈಗ ಪರೀಕ್ಷಾ ವೇಳಾಪಟ್ಟಿಯಿಂದಲೇ ಹಿಂದಕ್ಕೆ ಎಣಿಸಿ ಹಾಕಿಕೊಂಡಿದ್ದೇವೆ.