ಸುಕನ್ಯಾ ಸಮೃದ್ಧಿ ಖಾತೆ ತೆರೆಯುವವರಿಗೆ
ಹೆಣ್ಣು ಮಗುವಿಗೆ 10 ವರ್ಷ ತುಂಬುವುದರೊಳಗೆ, ಜನನ ಪ್ರಮಾಣಪತ್ರದೊಂದಿಗೆ ತಮ್ಮ ಆಧಾರ್ ಮತ್ತು ಪ್ಯಾನ್ ಕಾರ್ಡ್‌ಗಳನ್ನೂ ಒಯ್ದು, ಪೋಷಕರು ಅಂಚೆ ಕಚೇರಿಯಲ್ಲಾಗಲಿ ಅಧಿಕೃತ ಬ್ಯಾಂಕಿನಲ್ಲಾಗಲಿ ಈ ಖಾತೆಯನ್ನು ತೆರೆಯಬೇಕು. ವರ್ಷದ ಕನಿಷ್ಠ ಮೊತ್ತವನ್ನು 2018ರಲ್ಲಿ 1,000 ರೂಪಾಯಿಯಿಂದ 250ಕ್ಕೆ ಇಳಿಸಿದ್ದು, ದುಡಿದು ತಿನ್ನುವ ಕುಟುಂಬಗಳ ಮಟ್ಟಿಗೆ ನಿಜಕ್ಕೂ ಒಳ್ಳೆಯ ನಿರ್ಧಾರ. ಗರಿಷ್ಠ ಮಿತಿ 1.5 ಲಕ್ಷ.

ಬಡ್ಡಿಯನ್ನು ಪ್ರತಿ ತಿಂಗಳ 5ನೇ ತಾರೀಖಿನ ಮುಕ್ತಾಯದಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಲೆಕ್ಕ ಹಾಕುವುದರಿಂದ, 6ರಂದು ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ದಕ್ಕುವುದಿಲ್ಲ. ಹಾಗಾಗಿ ಒಮ್ಮೆಗೇ ಕಟ್ಟಬಲ್ಲವರು ಏಪ್ರಿಲ್ 5ರೊಳಗೆ ಕಟ್ಟುವುದು ಲೇಸು. ಒಂದು ವರ್ಷ ಕಟ್ಟದಿದ್ದರೆ, ಬಾಕಿ ಕನಿಷ್ಠ ಮೊತ್ತದೊಂದಿಗೆ 50 ರೂಪಾಯಿ ದಂಡ ತೆತ್ತು ಖಾತೆಯನ್ನು ಮತ್ತೆ ಚಾಲ್ತಿಗೆ ತರಬಹುದು.

ಹಣ ಕಟ್ಟುವುದು 15 ವರ್ಷ, ಖಾತೆಯ ಅವಧಿ 21 ವರ್ಷ. ಮಗಳು ಹತ್ತನೇ ತರಗತಿ ಮುಗಿಸಿದ ಮೇಲೆ ಓದಿಗೆಂದು ಹಿಂದಿನ ಆರ್ಥಿಕ ವರ್ಷಾಂತ್ಯದ ಶಿಲ್ಕಿನ ಅರ್ಧದವರೆಗೆ ಹಿಂಪಡೆಯಬಹುದು.